ಬಡ ಮಕ್ಕಳ ಹೈಸ್ಕೂಲಿಗೆ ಎಪಿ ತರಗತಿ ತರುವುದು ಹೇಗೆ: ಅನುದಾನ ಹುಡುಕುವುದರಿಂದ ಲೆಕ್ಕ ಒಪ್ಪಿಸುವವರೆಗೆ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಒಂಬತ್ತನೇ ತರಗತಿ ದಾಟುವ ಹೊತ್ತಿಗೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಮಾತು ಶುರುವಾಗುತ್ತದೆ. ಯಾವ ವಿಷಯ ತಗೋಬೇಕು, ವರ್ಷಕ್ಕೆ ಎಷ್ಟಾದರೆ ಮಗು ತಡೆದುಕೊಳ್ಳುತ್ತದೆ, ಯಾವ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆ ಎಂಬ ವಿಚಾರಣೆ ನಡೆಯುತ್ತದೆ. ಕೂಪರ್ಟಿನೊ, ಎಡಿಸನ್‌ನಂಥ ಊರುಗಳಲ್ಲಿ ಆರಿಸಿಕೊಳ್ಳುವುದೇ ಕಷ್ಟ, ಅಷ್ಟು ವಿಷಯಗಳಿರುತ್ತವೆ. ಆದರೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಬಡ ಬಡಾವಣೆಯ ಹೈಸ್ಕೂಲಿನಲ್ಲಿ ಕ್ಯಾಲ್ಕ್ಯುಲಸ್ ತರಗತಿಯೇ ಇಲ್ಲದಿರಬಹುದು. ಅಮೆರಿಕದ ಶಿಕ್ಷಣ ಇಲಾಖೆಯ 2020–21ರ ನಾಗರಿಕ ಹಕ್ಕುಗಳ ದತ್ತಾಂಶದ ಪ್ರಕಾರ ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಹೆಚ್ಚಾಗಿರುವ ಹೈಸ್ಕೂಲುಗಳಲ್ಲಿ ಕ್ಯಾಲ್ಕ್ಯುಲಸ್ ಇದ್ದದ್ದು ಸುಮಾರು ಶೇ. 35ರಲ್ಲಿ. ಅಂಥ ಮಕ್ಕಳು ಕಡಿಮೆ ಇರುವ ಶಾಲೆಗಳಲ್ಲಿ ಈ ಪ್ರಮಾಣ ಶೇ. 54.

ಆ ಅಂತರವನ್ನು ಒಂದು ಶಾಲೆಯ ಮಟ್ಟಿಗಾದರೂ ಕಡಿಮೆ ಮಾಡಬೇಕೆಂದು ಹೊರಟವರಿಗಾಗಿ ಈ ಬರಹ. ನೀವು ಅಲ್ಲಿ ಶಿಕ್ಷಕರಾಗಿರಬಹುದು, ಸ್ಕೂಲ್ ಬೋರ್ಡ್ ಸದಸ್ಯರಾಗಿರಬಹುದು, ಪೋಷಕರಾಗಿರಬಹುದು ಅಥವಾ ವಾರಕ್ಕೆ ನಾಲ್ಕು ಗಂಟೆ ಬಿಡುವಿರುವ ಎಂಜಿನಿಯರ್ ಆಗಿರಬಹುದು.

ಊರಿನಲ್ಲಿ ಕುಳಿತು ಓದುವವರಿಗೆ ಎರಡು ಮಾತು. ಅಮೆರಿಕದ ಹೈಸ್ಕೂಲು 9ರಿಂದ 12ನೇ ತರಗತಿಯವರೆಗೆ, ಅಂದರೆ ನಮ್ಮ ಪಿಯುಸಿಯೂ ಅದರೊಳಗೇ ಬರುತ್ತದೆ. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ, ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಕಲಿಯುವ ವ್ಯವಸ್ಥೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು 1955ರಿಂದ ನಡೆಸುತ್ತಿದೆ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಅಥವಾ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಅಂದರೆ ಆ ಪಾಠವನ್ನು ಅಲ್ಲಿ ಓದಿ ಮುಗಿಸಿದಂತೆ ಲೆಕ್ಕ ಹಿಡಿಯುತ್ತವೆ. ಕಾಲೇಜು ಶುಲ್ಕ ವರ್ಷವರ್ಷ ಏರುವ ದೇಶದಲ್ಲಿ ಎರಡು ಮೂರು ವಿಷಯಗಳ ಕ್ರೆಡಿಟ್ ಸಿಕ್ಕರೂ ಬಡ ಕುಟುಂಬಕ್ಕೆ ಅದು ಸಾವಿರಾರು ಡಾಲರ್ ಉಳಿತಾಯ.

ಹಂತ 1: ತಲೆ ಎಣಿಸಿ

ಅನುದಾನದ ಅರ್ಜಿ ತೆರೆಯುವ ಮೊದಲು ಶಾಲೆಯ ಅಂಕಿಅಂಶ ಕೈಯಲ್ಲಿರಬೇಕು. ಒಟ್ಟು ಮಕ್ಕಳೆಷ್ಟು, ಬಡ ಕುಟುಂಬದವರೆಷ್ಟು, ಎಪಿ ತರಗತಿಗೆ ಸೇರಿದವರೆಷ್ಟು, ಪರೀಕ್ಷೆ ಬರೆದವರೆಷ್ಟು, 3 ದಾಟಿದವರೆಷ್ಟು ಎಂಬುದನ್ನು ಮೂರು ವರ್ಷಗಳಿಗಾದರೂ ಸಂಗ್ರಹಿಸಿ. ಸೇರಿದವರಿಗೂ ಬರೆದವರಿಗೂ ಇರುವ ವ್ಯತ್ಯಾಸವೇ ಎಷ್ಟೋ ವಿಷಯ ಹೇಳುತ್ತದೆ.

ಎಲ್ಲಕ್ಕಿಂತ ಬೆಲೆಬಾಳುವುದು ಎಪಿ ಪೊಟೆನ್ಷಿಯಲ್ ಎಂಬ ಪಟ್ಟಿ. ಮಕ್ಕಳು ಬರೆಯುವ ಪಿಎಸ್‌ಎಟಿ (ಕಾಲೇಜು ಪ್ರವೇಶದ ಎಸ್‌ಎಟಿಗೆ ಪೂರ್ವಭಾವಿ ಪರೀಕ್ಷೆ) ಅಂಕಗಳ ಆಧಾರದ ಮೇಲೆ ಯಾವ ಮಗು ಯಾವ ಎಪಿ ವಿಷಯದಲ್ಲಿ 3 ಪಡೆಯುವ ಸಾಧ್ಯತೆ ಇದೆ ಎಂದು ಕಾಲೇಜ್ ಬೋರ್ಡ್ ಶಾಲೆಗಳಿಗೆ ತಿಳಿಸುತ್ತದೆ. ಶಾಲೆಯ ಕೌನ್ಸೆಲರ್ ಬಳಿ ಈ ಪಟ್ಟಿ ಸಿಗುತ್ತದೆ. ಅದನ್ನೂ ಎಪಿ ಹಾಜರಿ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಮಕ್ಕಳಿಗಾಗಿಯೇ ನಿಮ್ಮ ಅರ್ಜಿ. ಮಕ್ಕಳ ಹೆಸರು, ಅಂಕಗಳನ್ನು ಕಾಪಾಡುವ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಇರುವುದರಿಂದ ಹೊರಗಿನ ಸ್ವಯಂಸೇವಕರಿಗೆ ಹೆಸರುಗಳು ಸಿಗುವುದಿಲ್ಲ. ಒಟ್ಟು ಸಂಖ್ಯೆಗಳು ಸಾಕು.

ಬಡತನ ಲೆಕ್ಕ ಹಾಕುವಾಗ ಒಂದು ತೊಡಕಿದೆ. ಬಹಳಷ್ಟು ಬಡ ಶಾಲೆಗಳು ಈಗ ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡುವ ಕಮ್ಯುನಿಟಿ ಎಲಿಜಿಬಿಲಿಟಿ ಯೋಜನೆಯಲ್ಲಿವೆ. ಅಲ್ಲಿ ಪೋಷಕರು ಆದಾಯದ ಅರ್ಜಿ ತುಂಬುವುದಿಲ್ಲ. ಊಟದ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಎಪಿ ಪರೀಕ್ಷಾ ಶುಲ್ಕದ ರಿಯಾಯಿತಿ ಯಾರಿಗೆ ಎಂದು ಗುರುತಿಸುವಾಗ ದಾಖಲೆ ಇರುವುದಿಲ್ಲ. ಆಗ ಆಹಾರ ನೆರವು ಮುಂತಾದ ಯೋಜನೆಗಳಲ್ಲಿರುವ ಕುಟುಂಬಗಳ ಡೈರೆಕ್ಟ್ ಸರ್ಟಿಫಿಕೇಶನ್ ಪಟ್ಟಿಯನ್ನು ಹಿಡಿಯಬೇಕು. ಅದರಲ್ಲಿಲ್ಲದ ಕುಟುಂಬಗಳಿಗೆ ಪ್ರತ್ಯೇಕ ಆದಾಯ ನಮೂನೆ ಕೊಡಬೇಕು. ಆಗಸ್ಟ್‌ನಲ್ಲೇ ಈ ಕೆಲಸ ಮುಗಿದಿದ್ದರೆ ಪರೀಕ್ಷೆಗೆ ಆರ್ಡರ್ ಹಾಕುವ ನವೆಂಬರ್‌ನಲ್ಲಿ ಪರದಾಟ ಇರುವುದಿಲ್ಲ.

ಹಂತ 2: ಏಣಿ ಎಲ್ಲಿ ಮುರಿದಿದೆ ನೋಡಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ನಾನು ಕಂಡಂತೆ ದುರ್ಬಲ ಅರ್ಜಿಗಳೆಲ್ಲ ಎಪಿ ತರಗತಿಯ ಬಾಗಿಲಲ್ಲಿ ಶುರುವಾಗುತ್ತವೆ: ಪುಸ್ತಕ ಕೊಡಿ, ಪರೀಕ್ಷಾ ಶುಲ್ಕ ಕೊಡಿ, ಲ್ಯಾಪ್‌ಟಾಪ್ ಕೊಡಿ. ಗಟ್ಟಿ ಅರ್ಜಿ ಅದಕ್ಕೂ ನಾಲ್ಕು ವರ್ಷ ಕೆಳಗೆ ಶುರುವಾಗುತ್ತದೆ.

ಗಣಿತದ ದಾರಿ ನೋಡಿ. ಹನ್ನೆರಡನೇ ತರಗತಿಯಲ್ಲಿ ಕ್ಯಾಲ್ಕ್ಯುಲಸ್ ಬೇಕೆಂದರೆ ಹನ್ನೊಂದರಲ್ಲಿ ಪ್ರಿಕ್ಯಾಲ್ಕ್ಯುಲಸ್, ಹತ್ತರಲ್ಲಿ ಆಲ್ಜಿಬ್ರಾ 2, ಒಂಬತ್ತರಲ್ಲಿ ಜಾಮೆಟ್ರಿ, ಎಂಟರಲ್ಲಿ ಆಲ್ಜಿಬ್ರಾ 1 ಮುಗಿದಿರಬೇಕು. ನಿಮ್ಮ ಹೈಸ್ಕೂಲಿಗೆ ಮಕ್ಕಳನ್ನು ಕಳಿಸುವ ಮಿಡ್ಲ್ ಸ್ಕೂಲಿನಲ್ಲಿ ಎಂಟನೇ ತರಗತಿಗೆ ಆಲ್ಜಿಬ್ರಾ ಇಲ್ಲದಿದ್ದರೆ, ಮೇಲೆ ಎಷ್ಟೇ ಹಣ ಸುರಿದರೂ ಕ್ಯಾಲ್ಕ್ಯುಲಸ್ ತರಗತಿಗೆ ಮಕ್ಕಳು ಸಿಗುವುದಿಲ್ಲ. ಸಿಕ್ಕರೂ ಬೇಸಿಗೆಯಲ್ಲಿ ಒಂದು ಕೋರ್ಸ್ ಓದಿ ಮುಗಿಸಿದವರು ಅಥವಾ ಒಂದೇ ವರ್ಷದಲ್ಲಿ ಎರಡು ಗಣಿತ ತಗೊಂಡವರು ಮಾತ್ರ.

ಲಾಸ್ ಏಂಜಲಿಸ್‌ನ ಪೂರ್ವ ಭಾಗದ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ ಹೈಮೆ ಎಸ್ಕಲಾಂಟೆ ಮಾಡಿದ್ದು ಇದನ್ನೇ. ಬೊಲಿವಿಯಾದಿಂದ ಬಂದ ಆ ಮೇಷ್ಟ್ರ 18 ವಿದ್ಯಾರ್ಥಿಗಳು 1982ರಲ್ಲಿ ಎಪಿ ಕ್ಯಾಲ್ಕ್ಯುಲಸ್ ಪಾಸಾದದ್ದು, ಉತ್ತರಗಳಲ್ಲಿ ಒಂದೇ ಬಗೆಯ ತಪ್ಪುಗಳಿವೆಯೆಂದು ಪರೀಕ್ಷಾ ಸಂಸ್ಥೆ ಅನುಮಾನಪಟ್ಟದ್ದು, 12 ಮಕ್ಕಳು ಮತ್ತೆ ಬರೆದು ಮತ್ತೆ ಪಾಸಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರ ಹಿಂದಿದ್ದ ಏರ್ಪಾಡು ಅಷ್ಟು ಜನರಿಗೆ ಗೊತ್ತಿಲ್ಲ. ಈಸ್ಟ್ ಲಾಸ್ ಏಂಜಲಿಸ್ ಕಾಲೇಜಿನಲ್ಲಿ ಬೇಸಿಗೆ ತರಗತಿ ನಡೆಸಿ ಮಕ್ಕಳನ್ನು ಮೇಲಿನ ಗಣಿತಕ್ಕೆ ಸಿದ್ಧ ಮಾಡಲಾಗುತ್ತಿತ್ತು. ಕೆಳಗಿನ ತರಗತಿಗಳ ಶಿಕ್ಷಕರೂ ಜೊತೆಗಿದ್ದರು, ಪ್ರಿನ್ಸಿಪಾಲ್ ಬೆನ್ನಿಗೆ ನಿಂತಿದ್ದರು. 1991ರಲ್ಲಿ ಅವರು ಶಾಲೆ ಬಿಟ್ಟ ಮೇಲೆ ಪಾಸಾಗುವವರ ಸಂಖ್ಯೆ ಕುಸಿಯಿತು. ಒಬ್ಬ ಮೇಷ್ಟ್ರ ಮೇಲೆ ನಿಂತ ಯೋಜನೆಗೆ ಹಣ ಕೊಡುವವರು ಈ ಅಪಾಯವನ್ನು ಮೊದಲೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ.

ಇನ್ನೊಂದು ಉದಾಹರಣೆ ಟೆಕ್ಸಸ್‌ನದು. 1996ರಲ್ಲಿ ಡಲ್ಲಸ್‌ನ 10 ಶಾಲೆಗಳಲ್ಲಿ ಖಾಸಗಿ ದಾನಿಗಳ ಹಣದಿಂದ ಶುರುವಾದ ಎಪಿ ಪ್ರೋತ್ಸಾಹ ಯೋಜನೆಯಲ್ಲಿ 3 ದಾಟಿದ ಮಕ್ಕಳಿಗೂ ಅವರ ಶಿಕ್ಷಕರಿಗೂ ನಗದು ಸಿಗುತ್ತಿತ್ತು. ಪತ್ರಿಕೆಗಳು ಆ ನಗದಿನ ಮಾತನ್ನೇ ಎತ್ತಿದವು. ಆದರೆ ಹಣದ ಜೊತೆಗೆ ಶಿಕ್ಷಕರ ತರಬೇತಿಯೂ ಇತ್ತು, ಕೆಳಗಿನ ತರಗತಿಯವರಿಂದ ಎಪಿ ಶಿಕ್ಷಕರವರೆಗೆ ಒಟ್ಟಿಗೆ ಕುಳಿತು ಪಾಠ ಹೊಂದಿಸುವ ತಂಡಗಳೂ ಇದ್ದವು. ಅರ್ಥಶಾಸ್ತ್ರಜ್ಞ ಕಿರಾಬೊ ಜ್ಯಾಕ್ಸನ್ ನಡೆಸಿದ ಅಧ್ಯಯನದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿಯಲ್ಲಿ 1100 ಅಥವಾ ಎಸಿಟಿಯಲ್ಲಿ 24 ದಾಟಿದವರ ಸಂಖ್ಯೆ ಸುಮಾರು ಶೇ. 30, ಕಾಲೇಜಿಗೆ ಸೇರಿದವರ ಸಂಖ್ಯೆ ಸುಮಾರು ಶೇ. 8 ಏರಿದ್ದು ಕಂಡುಬಂತು. ಅರ್ಜಿಯಲ್ಲಿ ಆಧಾರ ಕೊಡಬೇಕಾದ ಕಡೆ ಇದು ನೆರವಿಗೆ ಬರುತ್ತದೆ.

ದುಡ್ಡೇ ಬೇಡದ ಒಂದು ದುರಸ್ತಿಯೂ ಇದೆ. ಅಂಕ ಚೆನ್ನಾಗಿರುವ ಮಗುವನ್ನು ಯಾರ ಶಿಫಾರಸೂ ಇಲ್ಲದೆ ಮೇಲಿನ ಹಂತದ ತರಗತಿಗೆ ತಾನಾಗಿಯೇ ಸೇರಿಸಿ, ಬೇಡವೆಂದರೆ ಪೋಷಕರು ಹೇಳಲಿ ಎನ್ನುವ ನಿಯಮ. ನಾರ್ತ್ ಕ್ಯಾರೊಲೈನಾ 2018ರಲ್ಲಿ ಗಣಿತಕ್ಕೆ ಇಂಥ ಕಾನೂನು ಮಾಡಿತು, ವಾಷಿಂಗ್ಟನ್ ರಾಜ್ಯ 2019ರಲ್ಲಿ, ಟೆಕ್ಸಸ್ 2023ರಲ್ಲಿ. ನಿಮ್ಮ ರಾಜ್ಯದಲ್ಲಿ ಇಲ್ಲದಿದ್ದರೂ ಸ್ಕೂಲ್ ಬೋರ್ಡ್ ಒಂದು ಠರಾವಿನಿಂದ ಇದನ್ನು ತರಬಹುದು. ಬೋರ್ಡ್ ಈ ಹೆಜ್ಜೆ ಇಟ್ಟಿದೆ ಎಂದು ಅರ್ಜಿಯಲ್ಲಿ ಬರೆಯುವ ಹಾಗಾದರೆ ಅದರ ತೂಕವೇ ಬೇರೆ.

ಹಂತ 3: ಹಣ ಎಲ್ಲಿದೆ

ಮೊದಲು ಮನೆಯೊಳಗೇ ಹುಡುಕಿ. ಹಿಂದೆ ಎಪಿಗೆಂದೇ ಪ್ರತ್ಯೇಕ ಫೆಡರಲ್ ಅನುದಾನವಿತ್ತು. 2015ರ ಡಿಸೆಂಬರ್‌ನಲ್ಲಿ ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆ ಬಂದಾಗ ಅದು ನಿಂತು, ಟೈಟಲ್ 4-ಎ ಎಂಬ ಒಟ್ಟು ನಿಧಿಯೊಳಗೆ ಸೇರಿಹೋಯಿತು. ಈ ನಿಧಿಗೆ ಶಾಲೆ ನೇರವಾಗಿ ಅರ್ಜಿ ಹಾಕುವುದಿಲ್ಲ. ಹಣ ಸೂತ್ರದ ಪ್ರಕಾರ ರಾಜ್ಯಕ್ಕೆ, ಅಲ್ಲಿಂದ ಸ್ಕೂಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ, ಬರುತ್ತದೆ. 30,000 ಡಾಲರ್ ಅಥವಾ ಹೆಚ್ಚು ಪಡೆಯುವ ಡಿಸ್ಟ್ರಿಕ್ಟ್ ಮೂರು ವರ್ಷಕ್ಕೊಮ್ಮೆಯಾದರೂ ಅಗತ್ಯಗಳ ಸಮೀಕ್ಷೆ ಮಾಡಬೇಕು. ಕನಿಷ್ಠ ಶೇ. 20 ಹಣವನ್ನು ಸರ್ವಾಂಗೀಣ ಶಿಕ್ಷಣಕ್ಕೆ, ಇನ್ನು ಶೇ. 20ನ್ನು ಮಕ್ಕಳ ಆರೋಗ್ಯ ಮತ್ತು ಸುರಕ್ಷತೆಗೆ ಖರ್ಚು ಮಾಡಬೇಕು. ಎಪಿ ಕೋರ್ಸುಗಳೂ ಬಡ ಮಕ್ಕಳ ಪರೀಕ್ಷಾ ಶುಲ್ಕವೂ ಆ ಮೊದಲ ಶೇ. 20ರ ಬಾಬತ್ತಿಗೆ ಬರುತ್ತವೆ. ಈ ಯೋಜನೆ ಮಾಡುವಾಗ ಪೋಷಕರು ಮತ್ತು ಶಿಕ್ಷಕರ ಅಭಿಪ್ರಾಯ ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಡಿಸ್ಟ್ರಿಕ್ಟ್ ಕಚೇರಿಯ ಫೆಡರಲ್ ಅನುದಾನಗಳ ಅಧಿಕಾರಿಯನ್ನು ಕಂಡು ಮೂರು ಪ್ರಶ್ನೆ ಕೇಳಿ: ನಮಗೆ ಟೈಟಲ್ 4-ಎ ಎಷ್ಟು ಬಂತು? ಅದರಲ್ಲಿ ಬೇರೆ ಟೈಟಲ್‌ಗೆ ವರ್ಗಾಯಿಸಿದ್ದೆಷ್ಟು? ಖರ್ಚಾಗದೆ ಉಳಿದದ್ದೆಷ್ಟು? ವರ್ಗಾವಣೆಗೆ ಕಾನೂನಿನ ಅವಕಾಶವಿದೆ. ಹಣ ಖರ್ಚು ಮಾಡಲು ಸುಮಾರು 27 ತಿಂಗಳು ಸಿಗುವುದರಿಂದ ಹಿಂದಿನ ವರ್ಷದ್ದು ಉಳಿದಿರಬಹುದು.

ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆಂದೇ ಇರುವ ಟೈಟಲ್ 1 ಇನ್ನೂ ದೊಡ್ಡ ಫೆಡರಲ್ ನಿಧಿ. ಶೇ. 40 ಅಥವಾ ಹೆಚ್ಚು ಬಡ ಮಕ್ಕಳಿರುವ ಶಾಲೆ ಇಡೀ ಶಾಲೆಗೆ ಅನ್ವಯಿಸುವ ಯೋಜನೆ ಮಾಡಿ ಅದರಲ್ಲಿ ಎಪಿಯನ್ನೂ ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ತರಗತಿಗೂ ಸೇರುವ ಡ್ಯುಯಲ್ ಎನ್‌ರೋಲ್‌ಮೆಂಟನ್ನೂ ಸೇರಿಸಬಹುದು. ಶಿಕ್ಷಕರ ತರಬೇತಿಗೆ ಟೈಟಲ್ 2-ಎ ಇದೆ. ನೆನಪಿಡಬೇಕಾದ ನಿಯಮ ಒಂದೇ: ಫೆಡರಲ್ ಹಣ ಮೇಲ್ತುಂಬುವುದಕ್ಕೆ, ರಾಜ್ಯವೋ ಡಿಸ್ಟ್ರಿಕ್ಟೋ ಆಗಲೇ ಕೊಡುತ್ತಿರುವುದನ್ನು ನಿಲ್ಲಿಸಿ ಅದರ ಜಾಗ ತುಂಬುವುದಕ್ಕಲ್ಲ. ಅರ್ಕನ್ಸಾ, ಫ್ಲಾರಿಡಾದಂತೆ ಪರೀಕ್ಷಾ ಶುಲ್ಕವನ್ನು ರಾಜ್ಯವೇ ಭರಿಸುವ ಕಡೆ ಶುಲ್ಕಕ್ಕೆಂದು ಕೇಳಿದರೆ ಅರ್ಜಿ ತಿರಸ್ಕಾರವಾಗುತ್ತದೆ.

ಸ್ಪರ್ಧಾತ್ಮಕ ಫೆಡರಲ್ ಅನುದಾನಗಳಾದ ಎಜುಕೇಶನ್ ಇನ್ನೊವೇಶನ್ ಅಂಡ್ ರಿಸರ್ಚ್‌ನಂಥವು ಒಂದು ಶಾಲೆಯ ಅಳತೆಗೆ ದೊಡ್ಡವು. ವಿಶ್ವವಿದ್ಯಾಲಯವೋ ದೊಡ್ಡ ಸಂಸ್ಥೆಯೋ ಮುಂದಾದರೆ ಪಾಲುದಾರರಾಗಿ, ಒಂಟಿಯಾಗಿ ಹೋಗಬೇಡಿ.

ಖಾಸಗಿ ದಾನಿಗಳಲ್ಲಿ ನಿಮ್ಮ ಕೌಂಟಿಯ ಕಮ್ಯುನಿಟಿ ಫೌಂಡೇಶನ್, ಸ್ಥಳೀಯ ಬ್ಯಾಂಕ್ ಮತ್ತು ಕಾರ್ಖಾನೆಗಳ ಪ್ರತಿಷ್ಠಾನಗಳು ಮೊದಲು. ಖಾಸಗಿ ಪ್ರತಿಷ್ಠಾನಗಳು ವರ್ಷವರ್ಷ ಸಲ್ಲಿಸುವ 990-ಪಿಎಫ್ ತೆರಿಗೆ ದಾಖಲೆ ಸಾರ್ವಜನಿಕ. ಯಾರಿಗೆ, ಎಷ್ಟು, ಯಾವುದಕ್ಕೆ ಕೊಟ್ಟರು ಎಂದು ಅದರಲ್ಲೇ ಇರುತ್ತದೆ. ಪ್ರತಿಷ್ಠಾನದ ಜಾಲತಾಣದ ಚಂದದ ಮಾತುಗಳಿಗಿಂತ ಆ ಪಟ್ಟಿಯನ್ನು ನಂಬಿ. 5,000 ಡಾಲರ್‌ಗಿಂತ ಹೆಚ್ಚು ಯಾರಿಗೂ ಕೊಡದವರ ಹತ್ತಿರ 80,000 ಕೇಳಲು ಹೋಗಬೇಡಿ. ಗಣಿತ ಮತ್ತು ವಿಜ್ಞಾನದ ಎಪಿಗೆ 2007ರಲ್ಲಿ ಹುಟ್ಟಿದ ನ್ಯಾಷನಲ್ ಮ್ಯಾಥ್ ಅಂಡ್ ಸೈನ್ಸ್ ಇನಿಶಿಯೇಟಿವ್ ಶಾಲೆಗಳ ಜೊತೆ ಕೆಲಸ ಮಾಡುತ್ತ ಬಂದಿದೆ, ವಿಚಾರಿಸಿ.

ನಮ್ಮ ಜನರ ಕೈಲಿ ಆಗುವುದು ಇಲ್ಲಿದೆ. ತಂತ್ರಾಂಶ ಕಂಪನಿಗಳಲ್ಲಿರುವ ಸಾವಿರಾರು ಕನ್ನಡಿಗರಿಗೆ ಉದ್ಯೋಗದಾತರ ಮ್ಯಾಚಿಂಗ್ ದೇಣಿಗೆ ಸಿಗುತ್ತದೆ, ಅಂದರೆ ನೌಕರರು ಕೊಟ್ಟ ದೇಣಿಗೆಗೆ ಕಂಪನಿಯೂ ತನ್ನ ಪಾಲು ಸೇರಿಸುತ್ತದೆ. ಬಹಳ ಕಡೆ ಸ್ವಯಂಸೇವೆಯ ಗಂಟೆಗಳಿಗೂ ಕಂಪನಿ ಹಣ ಕೊಡುತ್ತದೆ. ಅದರಲ್ಲಿ ಎಷ್ಟೋ ಭಾಗ ಕೇಳುವವರಿಲ್ಲದೆ ಉಳಿಯುತ್ತದೆ. ಡಿಸ್ಟ್ರಿಕ್ಟ್‌ನ ಶಿಕ್ಷಣ ಪ್ರತಿಷ್ಠಾನದ ಹೆಸರಿಗೆ ಇಪ್ಪತ್ತು ಮನೆಗಳು ಕೂಡಿ ದೇಣಿಗೆ ಕೊಟ್ಟರೆ ಒಂದು ಪ್ರಯೋಗಾಲಯದ ಸಾಮಾನು ಬರುತ್ತದೆ. ಕಂಪ್ಯೂಟರ್ ಸೈನ್ಸ್ ಪಾಠಕ್ಕೆ ಶಿಕ್ಷಕರಿಲ್ಲದ ಕಡೆ, ಮೈಕ್ರೋಸಾಫ್ಟ್ ಎಂಜಿನಿಯರ್ ಒಬ್ಬರು 2009ರಲ್ಲಿ ಆರಂಭಿಸಿದ ಟೀಲ್ಸ್ ಮಾದರಿಯಲ್ಲಿ ಎಂಜಿನಿಯರ್‌ಗಳು ತರಗತಿ ಶಿಕ್ಷಕರ ಜೊತೆ ನಿಂತು ಕಲಿಸಬಹುದು.

ಹಂತ 4: ಟೈಮ್‌ಟೇಬಲ್ ಮಾಡುವವರ ಜೊತೆ ಕುಳಿತುಕೊಳ್ಳಿ

ಹಣ ಬಂದ ಮೇಲೂ ಎಪಿ ತರಗತಿ ನಿಂತುಹೋಗುವುದು ಬಹುಪಾಲು ಟೈಮ್‌ಟೇಬಲ್‌ನಲ್ಲಿ. ಶಾಲೆಯಲ್ಲಿ ಎಪಿ ಕೆಮಿಸ್ಟ್ರಿ ಒಂದೇ ಪೀರಿಯಡ್, ಅದೇ ಹೊತ್ತಿಗೆ ಬ್ಯಾಂಡ್, ಅದೇ ಹೊತ್ತಿಗೆ ಇಂಗ್ಲಿಷ್ ಕಲಿಯುವ ಮಕ್ಕಳ ಕಡ್ಡಾಯ ತರಗತಿ. ಹತ್ತು ಮಕ್ಕಳು ಅಲ್ಲೇ ಬಿಟ್ಟುಹೋಗುತ್ತಾರೆ. ಉಳಿದ ಒಂಬತ್ತು ಮಕ್ಕಳಿಗೆ ಒಂದು ಸೆಕ್ಷನ್ ನಡೆಸಲು ಪ್ರಿನ್ಸಿಪಾಲ್ ಒಪ್ಪುವುದಿಲ್ಲ, ಏಕೆಂದರೆ ಆ ಶಿಕ್ಷಕರ ಇನ್ನೊಂದು ತರಗತಿಗೆ ಮೂವತ್ತೈದು ಮಕ್ಕಳು ಬೀಳುತ್ತಾರೆ. ಮೊದಲ ಕೆಲವು ವರ್ಷ ಆ ಸಣ್ಣ ಸೆಕ್ಷನ್‌ನ ಸಂಬಳದ ಪಾಲನ್ನು ಅನುದಾನದಿಂದ ಕೊಡುತ್ತೇವೆ ಎಂದು ಹೇಳಲು ಸಾಧ್ಯವಾದರೆ ಮಾತುಕತೆ ಬದಲಾಗುತ್ತದೆ.

ಕಾಲದ ಲೆಕ್ಕವನ್ನೂ ಇಲ್ಲೇ ಹಾಕಿ. ಮಕ್ಕಳು ಮುಂದಿನ ವರ್ಷದ ಕೋರ್ಸು ಆರಿಸುವುದು ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ. ಶಿಕ್ಷಕರ ತರಬೇತಿಯಾದ ಎಪಿ ಸಮ್ಮರ್ ಇನ್‌ಸ್ಟಿಟ್ಯೂಟ್ ಬೇಸಿಗೆಯಲ್ಲಿ. ತರಗತಿಯ ಹೆಸರಿನಲ್ಲಿ ಎಪಿ ಎಂದು ಹಾಕಿಕೊಳ್ಳಬೇಕಾದರೆ ಕಾಲೇಜ್ ಬೋರ್ಡ್‌ನ ಕೋರ್ಸ್ ಆಡಿಟ್, ಅಂದರೆ ಪಠ್ಯಕ್ರಮದ ಪರಿಶೀಲನೆ, ಆಗಬೇಕು. ಪರೀಕ್ಷೆಗೆ ಆರ್ಡರ್ ಹಾಕುವ ಗಡುವು ನವೆಂಬರ್ ಮಧ್ಯಕ್ಕೆ. ಅಕ್ಟೋಬರ್‌ನಲ್ಲಿ ಮಂಜೂರಾದ ಹಣದಿಂದ ಹೊಸ ತರಗತಿ ಶುರುವಾಗುವುದು ಮುಂದಿನ ಆಗಸ್ಟ್‌ನಲ್ಲಿ. ಮೊದಲ ವರ್ಷವೇ ಫಲಿತಾಂಶ ತೋರಿಸುತ್ತೇವೆಂದು ಮಾತು ಕೊಡಬೇಡಿ, ಅದನ್ನು ಸಿದ್ಧತೆಯ ವರ್ಷವೆಂದೇ ಬರೆಯಿರಿ.

ಹಂತ 5: ಬಜೆಟ್

ಎಲ್ಲರೂ ಮೊದಲು ಬರೆಯುವುದು ಪರೀಕ್ಷಾ ಶುಲ್ಕ, ನಿಜದಲ್ಲಿ ಅದು ಚಿಕ್ಕ ಬಾಬತ್ತು. 2024–25ರ ದರ ಹಿಡಿದು ನೋಡೋಣ. ಒಂದು ಪರೀಕ್ಷೆಗೆ 99 ಡಾಲರ್. ಬಡ ವಿದ್ಯಾರ್ಥಿಗೆ ಕಾಲೇಜ್ ಬೋರ್ಡ್ 37 ಬಿಡುತ್ತದೆ, ಶಾಲೆ ತನಗೆ ಸಿಗುವ 9 ಡಾಲರ್‌ನ್ನು ಬಿಟ್ಟುಕೊಡುತ್ತದೆ, ಉಳಿಯುವುದು 53. ನಲವತ್ತು ಮಕ್ಕಳು ತಲಾ ಎರಡು ಬರೆದರೆ 4,240 ಡಾಲರ್. ತಡವಾಗಿ ಆರ್ಡರ್ ಹಾಕಿದ ಪರೀಕ್ಷೆಗೆ ಹೆಚ್ಚುವರಿ 40 ಡಾಲರ್, ಆರ್ಡರ್ ಹಾಕಿ ಬರೆಯದಿದ್ದರೂ 40 ಡಾಲರ್ ದಂಡವಿದೆ. ಬಡ ಶಾಲೆಗಳಲ್ಲಿ ವರ್ಷದ ನಡುವೆ ಊರು ಬಿಡುವ ಕುಟುಂಬಗಳು ಹೆಚ್ಚಾದ್ದರಿಂದ ಇದಕ್ಕೊಂದಿಷ್ಟು ಹಣ ತೆಗೆದಿಡಿ.

ದೊಡ್ಡ ಬಾಬತ್ತುಗಳು ಶಿಕ್ಷಕರ ಸಮಯ ಮತ್ತು ಮಕ್ಕಳ ಸಾರಿಗೆ. ಸಮ್ಮರ್ ಇನ್‌ಸ್ಟಿಟ್ಯೂಟ್ ಕನಿಷ್ಠ 30 ಗಂಟೆಗಳ ತರಬೇತಿ. ಅದರ ಶುಲ್ಕ, ಪ್ರಯಾಣ, ಆ ದಿನಗಳ ಗೌರವಧನ ಎಲ್ಲವನ್ನೂ ಬರೆಯಿರಿ. ಎಪಿ ಶಿಕ್ಷಕರೊಬ್ಬರನ್ನೇ ಕಳಿಸಬೇಡಿ. ಒಂಬತ್ತು, ಹತ್ತನೇ ತರಗತಿಯವರನ್ನೂ ಮಿಡ್ಲ್ ಸ್ಕೂಲಿನ ಗಣಿತ ಶಿಕ್ಷಕರನ್ನೂ ಸೇರಿಸಿ, ತಿಂಗಳಿಗೊಮ್ಮೆ ಅವರೆಲ್ಲ ಕೂಡಿ ಕೂರುವುದಕ್ಕೆ ಬದಲಿ ಶಿಕ್ಷಕರ ಸಂಬಳ ಇಡಿ. ಸಂಜೆ ಮತ್ತು ಶನಿವಾರದ ಓದಿನ ಗುಂಪುಗಳಿಗೆ ಬಸ್ ಇಲ್ಲದಿದ್ದರೆ ಬರುವವರು ಕಾರಿರುವ ಮನೆಯ ಮಕ್ಕಳು ಮಾತ್ರ. ಸಂಜೆ ತಮ್ಮಂದಿರು, ತಂಗಿಯರನ್ನು ನೋಡಿಕೊಳ್ಳಬೇಕಾದ, ಅಂಗಡಿಯಲ್ಲಿ ಕೆಲಸಕ್ಕೆ ಹೋಗುವ ಮಗುವಿಗೆ ಶಾಲೆಯ ಅವಧಿಯೊಳಗೇ ಒಂದು ಸಹಾಯದ ಪೀರಿಯಡ್ ಬೇಕು. ತಿಂಡಿಯ ಖರ್ಚನ್ನು ಸ್ಥಳೀಯ ದೇಣಿಗೆಯಲ್ಲಿ ಇಡಿ, ಫೆಡರಲ್ ಹಣದಲ್ಲಿ ಅದಕ್ಕೆ ಕಟ್ಟುನಿಟ್ಟು ಹೆಚ್ಚು.

ಕೆಮಿಸ್ಟ್ರಿ, ಬಯಾಲಜಿ ಎಪಿಗಳಲ್ಲಿ ಪಾಠದ ಕಾಲು ಭಾಗ ಪ್ರಯೋಗಾಲಯದಲ್ಲೇ ನಡೆಯಬೇಕೆಂಬ ನಿಯಮವಿದೆ. ರಾಸಾಯನಿಕ, ಗಾಜಿನ ಸಾಮಾನು, ಕಣ್ಣಿನ ರಕ್ಷಣೆ, ಹೊಗೆ ಹೊರಹಾಕುವ ವ್ಯವಸ್ಥೆ ಇಲ್ಲದ ಶಾಲೆ ಮೊದಲು ಎಪಿ ಸ್ಟ್ಯಾಟಿಸ್ಟಿಕ್ಸ್‌ನಂಥದ್ದರಿಂದ ಶುರುಮಾಡುವುದು ಜಾಣತನ. 2025ರ ಮೇಯಿಂದ 28 ವಿಷಯಗಳ ಪರೀಕ್ಷೆ ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ಪೂರ್ಣವಾಗಿ ಅಥವಾ ಭಾಗಶಃ ನಡೆಯುತ್ತಿರುವುದರಿಂದ ಲ್ಯಾಪ್‌ಟಾಪ್, ವೈಫೈ ಎರಡನ್ನೂ ಪರೀಕ್ಷಿಸಿ ನೋಡಿ.

ಮೂರು ವರ್ಷದ ಅನುದಾನವಾದರೆ ಡಿಸ್ಟ್ರಿಕ್ಟ್‌ನ ಪಾಲು ವರ್ಷವರ್ಷ ಏರುವಂತೆ ತೋರಿಸಿ. ಸೆಕ್ಷನ್ ಸಂಬಳದಲ್ಲಿ ಮೊದಲ ವರ್ಷ ಪೂರ್ತಿ ಅನುದಾನ, ಎರಡನೆಯದು ಮುಕ್ಕಾಲು, ಮೂರನೆಯದು ಅರ್ಧ ಎಂದಿಟ್ಟು, ಉಳಿದದ್ದನ್ನು ಭರಿಸುವ ಬಗ್ಗೆ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಸಹಿ ಇರುವ ಪತ್ರ ಲಗತ್ತಿಸಿ. ಫ್ಲಾರಿಡಾದಂತೆ 3 ದಾಟಿದ ಪ್ರತಿ ಪರೀಕ್ಷೆಗೂ ಶಾಲೆಗೆ ಹೆಚ್ಚುವರಿ ಅನುದಾನ ಕೊಡುವ ರಾಜ್ಯವಾದರೆ ಆ ಹಣವನ್ನೇ ಮುಂದಿನ ಆಧಾರವಾಗಿ ತೋರಿಸಬಹುದು.

ಹಂತ 6: ಬರೆಯುವುದು

ಓದುವವರ ಮುಂದೆ ಅರ್ಜಿಗಳ ರಾಶಿ ಇರುತ್ತದೆ. "ನಮ್ಮದು ಹಿಂದುಳಿದ ಪ್ರದೇಶ, ನಮ್ಮ ಮಕ್ಕಳು ಪ್ರತಿಭಾವಂತರು, ಅವಕಾಶಗಳಿಲ್ಲ" ಎಂದು ಪ್ರತಿಯೊಂದರಲ್ಲೂ ಇರುತ್ತದೆ. ಅದರ ಬದಲು ಹೀಗೆ ಬರೆಯಬಹುದು (ಶಾಲೆ, ಅಂಕಿ ಎರಡೂ ಕಾಲ್ಪನಿಕ):

"ನಮ್ಮ 640 ಮಕ್ಕಳಲ್ಲಿ ಶೇ. 78 ಡೈರೆಕ್ಟ್ ಸರ್ಟಿಫಿಕೇಶನ್ ಪಟ್ಟಿಯಲ್ಲಿದ್ದಾರೆ. ಕಳೆದ ಅಕ್ಟೋಬರ್‌ನ ಪಿಎಸ್‌ಎಟಿ ಪ್ರಕಾರ 61 ಮಕ್ಕಳು ಕನಿಷ್ಠ ಒಂದು ಎಪಿ ವಿಷಯದಲ್ಲಿ 3 ಪಡೆಯಬಲ್ಲರು. ಅವರಲ್ಲಿ ಎಪಿ ತರಗತಿಯಲ್ಲಿರುವವರು 17. ಉಳಿದ 44ರಲ್ಲಿ 29 ಮಕ್ಕಳಿಗೆ ಹೊಂದುವ ವಿಷಯ ನಮ್ಮಲ್ಲಿ ಇಲ್ಲ. 15 ಮಕ್ಕಳಿಗೆ ವಿಷಯವಿದೆ, ಆದರೆ ನೀನು ಸೇರಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ."

ಇಷ್ಟು ಓದಿದವರಿಗೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ: 29 ಮಕ್ಕಳಿಗೆ ಎರಡು ಹೊಸ ಕೋರ್ಸು, 15 ಮಕ್ಕಳ ಮನೆಗೆ ಒಂದು ಫೋನ್ ಕರೆ. ಆ ಕರೆ ಮನೆಯ ಭಾಷೆಯಲ್ಲೇ ಹೋಗಬೇಕು, ಸ್ಪ್ಯಾನಿಷ್ ಇರಬಹುದು, ವಿಯೆಟ್ನಾಮಿ ಇರಬಹುದು. ಅನುವಾದಕರ ಖರ್ಚೂ ಬಜೆಟ್‌ನಲ್ಲಿರಲಿ.

ಗುರಿ ಬರೆಯುವಾಗ ಒಂದು ವಿಷಯದಲ್ಲಿ ಪಟ್ಟು ಹಿಡಿಯಿರಿ. ಪಾಸಾದವರ ಶೇಕಡಾವಾರನ್ನು ಮುಖ್ಯ ಅಳತೆಯಾಗಿ ಒಪ್ಪಿಕೊಳ್ಳಬೇಡಿ. ಸೇರುವವರು ಹೆಚ್ಚಿದಂತೆ ಮೊದಮೊದಲು ಶೇಕಡಾವಾರು ಇಳಿಯಬಹುದು. ಅದನ್ನೇ ಅಳತೆ ಮಾಡಿದರೆ ಶಾಲೆ ಗಟ್ಟಿ ಮಕ್ಕಳನ್ನಷ್ಟೇ ಕೂರಿಸಿ, ನಿಧಾನವಾಗಿ ಏರುವ ಮಗುವನ್ನು ಡಿಸೆಂಬರ್‌ನಲ್ಲಿ ಕಳಿಸಿಬಿಡುತ್ತದೆ. ಯಾರಿಗಾಗಿ ಹಣ ತಂದಿರೋ ಅವರೇ ಹೊರಗೆ ಉಳಿಯುತ್ತಾರೆ. 3 ದಾಟಿದ ಮಕ್ಕಳ ಸಂಖ್ಯೆ, ಆಗಸ್ಟ್‌ನಲ್ಲಿ ಸೇರಿ ಮೇವರೆಗೆ ಉಳಿದವರ ಸಂಖ್ಯೆ, ಎಂಟನೇ ತರಗತಿಯಲ್ಲಿ ಆಲ್ಜಿಬ್ರಾ ಮುಗಿಸಿದವರ ಸಂಖ್ಯೆ, ಈ ಮೂರನ್ನು ಗುರಿಯಾಗಿಡಿ. 2 ಅಂಕ ಪಡೆದ ಮಗುವಿಗೆ ಕ್ರೆಡಿಟ್ ಸಿಗದಿದ್ದರೂ ವರ್ಷವಿಡೀ ಕಾಲೇಜು ಮಟ್ಟದ ಓದು ಬರಹ ಮಾಡಿದ ಅನುಭವ ಅದರದ್ದೇ. ವರದಿಯಲ್ಲಿ ಅವರಿಗೂ ಒಂದು ಸಾಲು ಇರಲಿ.

ಹಂತ 7: ಸಲ್ಲಿಕೆ, ಆಮೇಲಿನ ಲೆಕ್ಕ

ಫೆಡರಲ್ ಅರ್ಜಿಯನ್ನು ನೇರವಾಗಿ ಹಾಕುವವರು ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಾಯಿಸಿ ಸಂಸ್ಥೆಯ ಗುರುತು ಸಂಖ್ಯೆ ಪಡೆಯಬೇಕು. ಇದು ಉಚಿತ, ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ನೋಂದಣಿಗೆ ವಾರಗಳು ಹಿಡಿಯಬಹುದು, ವರ್ಷಕ್ಕೊಮ್ಮೆ ನವೀಕರಿಸಬೇಕು. ಗ್ರಾಂಟ್ಸ್ ಡಾಟ್ ಗವ್‌ಗೆ ಅರ್ಜಿ ಏರಿಸುವುದನ್ನು ಗಡುವಿಗೆ ಎರಡು ಮೂರು ದಿನ ಮೊದಲೇ ಮುಗಿಸಿ. ಗಡುವಿನ ಹೊತ್ತು ಪೂರ್ವ ತೀರದ ಸಮಯದಲ್ಲಿರುವುದನ್ನು ಕ್ಯಾಲಿಫೋರ್ನಿಯಾದವರು ಮರೆಯಬಾರದು.

ಹಣ ಬಂದ ದಿನವೇ ಒಬ್ಬರನ್ನು ಲೆಕ್ಕಕ್ಕೆ ಗೊತ್ತುಮಾಡಿ. ಅನುದಾನದಿಂದ ಸಂಬಳ ಪಡೆಯುವ ಶಿಕ್ಷಕರ ಸಮಯದ ದಾಖಲೆ, ಕೊಂಡ ಸಾಮಾನಿನ ಪಟ್ಟಿ, ಓದಿನ ಗುಂಪಿನ ಹಾಜರಿ, ಬಸ್ ಬಿಲ್ಲು ಎಲ್ಲವೂ ಬೇಕು. ಕೊನೆಯ ವರದಿ ಕೊಟ್ಟ ಮೇಲೂ ಫೆಡರಲ್ ಹಣದ ಕಡತಗಳನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಬದಲಾವಣೆ ಬೇಕಾದರೆ ಖರ್ಚು ಮಾಡುವ ಮೊದಲು ಕೊಟ್ಟವರಿಗೆ ಪತ್ರ ಬರೆಯಿರಿ. ಕೆಮಿಸ್ಟ್ರಿ ಶಿಕ್ಷಕರು ಬಿಟ್ಟುಹೋದರು, ಅದರ ಬದಲು ಎನ್ವಿರಾನ್‌ಮೆಂಟಲ್ ಸೈನ್ಸ್ ನಡೆಸುತ್ತೇವೆ ಎಂದು ಮುಂಚೆಯೇ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಆಮೇಲೆ ಹೇಳಿದರೆ ಹಣ ವಾಪಸ್ ಕೇಳುತ್ತಾರೆ.

ಅರ್ಜಿ ತಿರಸ್ಕಾರವಾದರೆ ಪರಿಶೀಲಕರ ಟಿಪ್ಪಣಿ ಕೇಳಿ ಪಡೆಯಿರಿ. ಫೆಡರಲ್ ಸ್ಪರ್ಧೆಗಳಲ್ಲಿ ಅದು ಸಿಗುತ್ತದೆ, ಖಾಸಗಿಯವರೂ ಫೋನಿನಲ್ಲಿ ಹೇಳುವುದುಂಟು. ಮುಂದಿನ ಸುತ್ತು ಬರುವಷ್ಟರಲ್ಲಿ ಆ 15 ಮನೆಗಳಿಗೆ ಫೋನ್ ಮಾಡಿಬಿಡಿ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ, ಹೊಸ ಅರ್ಜಿಯಲ್ಲಿ 17ರ ಜಾಗದಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಇರುತ್ತದೆ.